ಗಡಿಗೆ ಹೊರಟ ರೊಟ್ಟಿ

ಮಕ್ಕಳಿಗೆ ಯುದ್ಧದ ಬಗ್ಗೆ ಹೇಗೆ ಹೇಳಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಆ ಕೆಲಸವನ್ನು ನನಗೆ ಒಪ್ಪಿಸಿದರು. ಓದಿದವಳು ಎಂಬುದು ಅವರು ಕೊಟ್ಟ ಕಾರಣ. ನಾನು ಓದಿದ್ದು ಬಿ.ಕಾಂ. ಹುಕ್ಕೇರಿಯ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತೆ. ದಿನಾ ಗೋಕಾಕದಿಂದ ಹೋಗಿ ಬರುತ್ತೇನೆ. ಯುದ್ಧದ ಬಗ್ಗೆ ನನಗಿರುವ ಅನುಭವವೆಂದರೆ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿಯುವುದು. ಅದರಲ್ಲೂ ಹೆಚ್ಚಿನ ಸಲ ಸೋತಿದ್ದೇನೆ.

ಆ ಬೇಸಿಗೆ ರಜೆಯಲ್ಲಿ ಗಡಿಯಲ್ಲಿ ಕಾಳಗ ಶುರುವಾಯಿತು. ನನ್ನ ತಂಗಿಯ ಗಂಡ ಸೈನಿಕ. ರಜೆಗೆಂದು ಊರಿಗೆ ಬರಬೇಕಾಗಿದ್ದವನ ರಜೆ ರದ್ದಾಯಿತು, ಮರುದಿನದಿಂದ ಅವನ ಫೋನೂ ಹತ್ತದಾಯಿತು. ತಂಗಿ ಬೆಲ್ಲದ ಬಾಗೇವಾಡಿಯಲ್ಲಿ, ಸೊಂಟ ಮುರಿದುಕೊಂಡು ಮಲಗಿದ ಅತ್ತೆಯ ಜೊತೆ ಒಬ್ಬಳೇ ಇದ್ದಳು. ಅವಳ ಮಗಳು, ಜೂನಿನಲ್ಲಿ ನಾಲ್ಕನೆಯ ಇಯತ್ತೆಗೆ ಹೋಗುವವಳು, ರಜೆಗೆಂದು ಮೂಡಲಗಿಯಲ್ಲಿ ನಮ್ಮವ್ವನ ಮನೆಗೆ ಬಂದಿದ್ದಳು.

ತಂಗಿ ಅವ್ವನಿಗೆ ಫೋನ್ ಮಾಡಿ, "ಹುಡುಗಿ ಮುಂದ ಏನೂ ಹೇಳಬ್ಯಾಡ್ರಿ, ಟಿವಿ ಹಚ್ಚಬ್ಯಾಡ್ರಿ" ಎಂದಳಂತೆ. ಅವ್ವ ಟಿವಿ ಹಚ್ಚಲಿಲ್ಲ. ಆದರೆ ಹುಡುಗಿ ದಿನಾ ಸಂಜೆ ಅಪ್ಪನ ಫೋನಿಗೆ ಕಾಯುವವಳು. ಏನಾದರೂ ಹೇಳಲೇಬೇಕಾಯಿತು. "ನಿಮ್ಮಪ್ಪ ಗೋಡೌನಿನ್ಯಾಗ ಕಂಬಳಿ ಎಣಸಾಕತ್ತಾನ. ಅಲ್ಲಿ ಫೋನ್ ಹತ್ತಾಂಗಿಲ್ಲ" ಎಂದಳು ಅವ್ವ. ಹುಡುಗಿ ಹೂಂ ಅಂದಳು. ಅವತ್ತಿನಿಂದ ಎರಡು ತುತ್ತು ಉಂಡು ಏಳತೊಡಗಿದಳು. ಕರೆದರೆ ಬರುತ್ತಾಳೆ, ಕುಳಿತುಕೊಳ್ಳುತ್ತಾಳೆ, ತಟ್ಟೆ ನೋಡುತ್ತಾಳೆ, ಏಳುತ್ತಾಳೆ.

ಅವ್ವ ನನಗೆ ಫೋನ್ ಮಾಡಿದಳು. "ನೀ ಬಾ. ಓದಿದಾಕಿ ಅದಿ. ಕೂಸಿಗೆ ಒಂದೀಟು ತಿಳಿಸಿ ಹೇಳು."

"ಏನ್ ಹೇಳ್ಲಿ?"

"ಏನರೆ ಹೇಳು. ಖರೆ ಮಾತ್ರ ಹೇಳಬ್ಯಾಡ."

ಅಷ್ಟರಲ್ಲಿ ನಾನು ಗೋಕಾಕದಲ್ಲಿ ನನ್ನದೇ ಒಂದು ರಕ್ಷಣಾ ವ್ಯವಸ್ಥೆ ಮಾಡಿಕೊಂಡಿದ್ದೆ. ಮನೆಯ ಕಿಟಕಿಗಳಿಗೆಲ್ಲ ಹಳೆಯ ಪೇಪರು ಅಂಟಿಸಿದ್ದೆ. ಇದ್ದಬದ್ದ ಕೊಡ, ಬಕೆಟ್ಟು, ಹಬ್ಬಕ್ಕೆ ಮಾತ್ರ ಅಟ್ಟದಿಂದ ಇಳಿಯುವ ಹಂಡೆಯವರೆಗೆ ನೀರು ತುಂಬಿಸಿದ್ದೆ. ಮೇಣಬತ್ತಿ ತಂದಿದ್ದೆ. ನನ್ನ ಗಂಡ ಪೇಪರು ಅಂಟಿಸಿದ ಕಿಟಕಿಯ ಮುಂದೆ ನಿಂತು ಅದರಲ್ಲಿದ್ದ ಟೆಂಡರ್ ಪ್ರಕಟಣೆಯನ್ನು ಪೂರ್ತಿ ಓದಿ, "ಗಡಿ ಎಲ್ಲೈತಿ, ಗೋಕಾಕ ಎಲ್ಲೈತಿ? ವಿಮಾನದಾಂವ ಕರದಂಟ ಒಯ್ಯಾಕ ಬರ್ತಾನೇನು?" ಎಂದ. ವರ್ಷವಿಡೀ ಹೊತ್ತುಗೊತ್ತಿಲ್ಲದೆ ಹೋಗುವ ಕರೆಂಟು ಆ ವಾರ, ನನ್ನನ್ನು ಅಣಕಿಸಲೆಂದೇ, ಒಮ್ಮೆಯೂ ಹೋಗಲಿಲ್ಲ.

ಇಷ್ಟೆಲ್ಲ ಶೌರ್ಯ ಮೆರೆದ ನಾನು ದಿನಾ ಬಾಗೇವಾಡಿಯ ಮೇಲೆಯೇ ಬಸ್ಸಿನಲ್ಲಿ ಹಾದುಹೋಗುತ್ತಿದ್ದೆ, ಇಳಿಯುತ್ತಿರಲಿಲ್ಲ. ತಂಗಿಯ ಮುಖ ನೋಡುವ ಧೈರ್ಯವಿರಲಿಲ್ಲ. ಆ ಊರಿನ ನಿಲುಗಡೆ ಬಂದಾಗ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದೆ.

ಶುಕ್ರವಾರ ಸಂಜೆ ಮೂಡಲಗಿಗೆ ಹೋದೆ. ಅವ್ವನ ಮನೆಯ ಟಿವಿ ಬಂದ್ ಆಗಿದ್ದರೇನು, ಬಾಜೂ ಮನೆಯ ಕಾಕಾನ ಟಿವಿ ಇಡೀ ಓಣಿಗೆ ಸಾಕಾಗುವಷ್ಟು ಕೂಗುತ್ತಿತ್ತು. ಕಾಕಾ ನೀರಾವರಿ ಇಲಾಖೆಯಲ್ಲಿ ಕಾರಕೂನನಾಗಿದ್ದು ನಿವೃತ್ತನಾದವ. ತನ್ನ ಹಿತ್ತಲಿಗೆ ನುಗ್ಗುವ ಎಮ್ಮೆಯನ್ನು ಓಡಿಸಲಾಗದೆ ಹೆಂಡತಿಯನ್ನು ಕೂಗುವ ಈ ಮನುಷ್ಯ, ಆ ವಾರ ಚಹಕ್ಕೆ ಮೊದಲು ಒಂದು ಪಟ್ಟಣ, ಚಹದ ಮೇಲೆ ಒಂದು ಬಂದರು ಹೀಗೆ ಗೆದ್ದುಕೊಳ್ಳುತ್ತಿದ್ದ. ಟಿವಿಯಲ್ಲಿ ಕೋಟು ತೊಟ್ಟ ಒಬ್ಬ ಅರಚುತ್ತಿದ್ದ, ಹಿಂದೆ ಸೈರನ್ನು, ಅದರ ಹಿಂದೆ ಬೆಂಕಿ. ಆ ಬೆಂಕಿ ಯಾವುದೋ ಕಂಪ್ಯೂಟರ್ ಆಟದ್ದು ಎಂದು ಓಣಿಯ ಹುಡುಗರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಕಾಕಾನ ಕಟ್ಟೆಯ ಮೇಲೆ ಕುಳಿತ ಹಿರಿಯರು ಮಾತ್ರ. ಇವರೆಲ್ಲ ಒಂದು ಕಾಲದಲ್ಲಿ ನಮಗೆ ಹಣೆಗೆ ವಿಭೂತಿ ಹಚ್ಚಿ, ಸಣ್ಣ ಇರುವೆಯನ್ನೂ ತುಳಿಯಬಾರದು ಎಂದು ಹೇಳಿಕೊಟ್ಟವರು.

ನಮ್ಮ ಹುಡುಗಿ ಕಾಕಾನ ಬಾಗಿಲಲ್ಲಿ ನಿಂತಿದ್ದಳು. "ಮುತ್ಯಾ, ಆ ಊರಾಗ ಸಾಲಿ ಅದಾವೇನು?" ಎಂದು ಕೇಳಿದಳು.

"ಇದ್ದುವು" ಎಂದ ಕಾಕಾ. ಕಟ್ಟೆ ತುಂಬ ನಗೆ. ಒಬ್ಬರು ಕೆಮ್ಮು ಬರುವವರೆಗೆ ನಕ್ಕರು.

ಹುಡುಗಿ ನಗಲಿಲ್ಲ. ನನ್ನ ಕೈ ಹಿಡಿದು ಒಳಗೆ ಬಂದಳು. ಈಗ ಹೇಳಲೇಬೇಕು ಎಂದುಕೊಂಡು ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ತಯಾರಿಸಿಕೊಂಡು ಬಂದದ್ದನ್ನು ಬಿಚ್ಚಿದೆ. "ನೋಡವ್ವಿ, ಎರಡು ಮನಿಯವರ ನಡುವ ಒಂದು ಗ್ವಾಡಿ ಇರ್ತೈತಿ. ಅದು ನಂದು, ಅಲ್ಲ ನಂದು ಅಂತ ಜಗಳ ಹತ್ತತೈತಿ. ಯುದ್ಧ ಅಂದ್ರ ಹಂಗ."

ಹುಡುಗಿ ವಿಚಾರ ಮಾಡಿದಳು. "ಆಯಿ ಹೋದ ವರ್ಷ ಹಿಂದಿನ ಮನಿಯವ್ರ ಜೋಡಿ ಗ್ವಾಡಿ ಸಲುವಾಗಿ ಜಗಳಾ ಮಾಡಿದ್ಲಲ್ಲ. ಹಂಗಾರ ಆಯಿ ಅವರ ಮ್ಯಾಲ ಬಾಂಬ್ ಹಾಕ್ತಿದ್ಲೇನು?"

"ಸಿಕ್ಕಿದ್ರ ಹಾಕ್ತಿದ್ದೆ" ಎಂದಳು ಅವ್ವ ಒಳಗಿನಿಂದ.

ಅಲ್ಲಿಗೆ ನನ್ನ ಪಾಠ ಮುಗಿಯಿತು. ಹುಡುಗಿ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ, "ದೊಡ್ಡವ್ವಾ, ಪಪ್ಪಾಗ ನಾವು ಏನರೆ ಮಾಡಬೇಕಲ್ಲ? ಅಲ್ಲಿ ಇದ್ದವ್ರಿಗೆಲ್ಲಾ?" ಎಂದು ಕೇಳಿದಳು.

ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ರೊಟ್ಟಿ ಮಾಡೂಣು."

ಬೇರೆ ಕಡೆಯವರು ನಗಬಹುದು. ನಮ್ಮ ಕಡೆಯ ಹೆಂಗಸರಿಗೆ ಕೆಟ್ಟ ಸುದ್ದಿ ಕೇಳಿದರೆ ಮೊದಲು ಕೈ ಹೋಗುವುದು ಹಿಟ್ಟಿನ ಡಬ್ಬಿಗೆ. ಹೊಳೆ ಗೋಕಾಕದ ಓಣಿಗಳೊಳಗೆ ನುಗ್ಗಿದ ವರ್ಷ ನಾವು ಗುರುತಿಲ್ಲದ ಊರುಗಳಿಂದ ಲಾರಿ ತುಂಬ ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಬಂದಿದ್ದವು. ತಿಂದು ಬದುಕಿದೆವು. ಅಂದಿನಿಂದ ಎಲ್ಲ ಸಂಕಟಕ್ಕೂ ಅದೇ ಔಷಧಿ. ಯಾರಿಗೆ ಏನೇ ಆಗಲಿ, ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ಬಡಿಯಲು ಶುರು. ಯುದ್ಧವೆಂದರೆ ಪ್ರವಾಹವಲ್ಲ, ಸೈನ್ಯದಲ್ಲಿ ಅಡುಗೆಯವರಿರುತ್ತಾರೆ, ಅಲ್ಲಿ ಯಾರೂ ರೊಟ್ಟಿಯಿಲ್ಲದೆ ಸಾಯುತ್ತಿಲ್ಲ, ಬೇರೆ ಕಾರಣಕ್ಕೆ ಸಾಯುತ್ತಿದ್ದಾರೆ ಎಂಬುದು ಬಿ.ಕಾಂ. ಓದಿದವಳಿಗೆ ಹೊಳೆಯಲಿಲ್ಲ. ಕ್ಷಿಪಣಿಗೆ ಶೇಂಗಾ ಹಿಂಡಿಯಿಂದ ಉತ್ತರ ಕೊಡಲು ಹೊರಟೆ.

ಆದರೆ ಶನಿವಾರ ಹುಡುಗಿ ಬೇರೆಯೇ ಆದಳು. ಅವ್ವನ ಬಾಜೂ ಕುಳಿತು ತಾನೂ ರೊಟ್ಟಿ ಬಡಿದಳು. ಮೊದಲಿನದು ಹರಿದ ನಕಾಶೆಯಂತಾಯಿತು, ಆಮೇಲಾಮೇಲೆ ದುಂಡಗಾದವು. ತನ್ನ ಒಂದು ರೊಟ್ಟಿಗೆ ಕರಿ ಎಳ್ಳಿನಿಂದ ಮೀಸೆ ಮಾಡಿ ಒತ್ತಿದಳು. ದೊಡ್ಡ ಮೀಸೆ, ಎರಡೂ ತುದಿ ಮೇಲಕ್ಕೆ ತಿರುವಿದ್ದು.

"ಇದೇನ?" ಎಂದಳು ಅವ್ವ.

"ಪಪ್ಪಾನ ಮೀಸಿ. ಇದು ನಾ ಮಾಡಿದ್ದು ಅಂತ ಗೊತ್ತಾಗಬೇಕಲ್ಲ ಅವಗ."

ಮಧ್ಯಾಹ್ನ ಪೂರ್ತಿ ಊಟ ಮಾಡಿದಳು, ಮತ್ತೆ ಪಲ್ಯ ಹಾಕಿಸಿಕೊಂಡಳು. ಅವ್ವ ನನ್ನ ಕಡೆ ನೋಡಿದ ನೋಟದಲ್ಲಿ ನನ್ನ ಪದವಿ ಮೊದಲ ಸಲ ಸಾರ್ಥಕವಾಯಿತು. ರೊಟ್ಟಿ ಎಲ್ಲಿಗೂ ಹೋಗುವುದಿಲ್ಲ ಎಂದು ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು. ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಎತ್ತಿಟ್ಟು, ಆಮೇಲೆ ಏನಾದರೊಂದು ಹೇಳೋಣ ಎಂದುಕೊಂಡೆ. ಓಣಿ ಬಿಡಬೇಕಲ್ಲ. ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಹತ್ತು ಮನೆಗೆ ಕೇಳುತ್ತದೆ. ಸಂಜೆಯೊಳಗೆ ಅವ್ವನ ಪಡಸಾಲೆಯಲ್ಲಿ ಬುಟ್ಟಿಗಳ ಸಾಲು. ಕತ್ತಲಾಗುವ ಮೊದಲು ತರುಣ ಸಂಘದ ಅಧ್ಯಕ್ಷ ಬಂದ.

ಈ ಅಧ್ಯಕ್ಷನ ತಾರುಣ್ಯ ಮುಗಿದು ಬಹಳ ದಿನವಾಗಿದೆ, ಸಂಘ ಮಾತ್ರ ಬಿಟ್ಟಿಲ್ಲ. ಕೈ ಮುಗಿದು, "ಅಕ್ಕಾರ, ನಿಮ್ಮ ಐಡಿಯಾ ಭಾರಿ ಐತ್ರಿ. ಇವನ್ನ ನಾವು ಬಾರ್ಡರ್ ತನಕಾ ಮುಟ್ಟಸ್ತೇವ್ರಿ" ಎಂದ.

"ಹೆಂಗ ಮುಟ್ಟಸ್ತೀರಿ?"

"ಟೆಂಪೋ ಐತಲ್ರಿ."

ಭಾನುವಾರ ಮುಂಜಾನೆ ಟೆಂಪೋ ಬಂತು, ಅದಕ್ಕಿಂತ ದೊಡ್ಡ ಫ್ಲೆಕ್ಸೂ ಬಂತು. ಫ್ಲೆಕ್ಸಿನಲ್ಲಿ ಅಧ್ಯಕ್ಷ ಕಪ್ಪು ಕನ್ನಡಕ ಹಾಕಿ ನಡೆದುಬರುತ್ತಿದ್ದಾನೆ, ಅವನ ಮೊಣಕಾಲಿನ ಎತ್ತರಕ್ಕೆ ಒಂದು ಯುದ್ಧದ ಟ್ಯಾಂಕು, ಅದರ ಕೆಳಗೆ ಸಾಲಾಗಿ ಇರುವೆಗಳಂತೆ ಸೈನಿಕರು. ಟೆಂಪೋಗೆ ಪೂಜೆ ಮಾಡಿ, ಕಾಯಿ ಒಡೆದು, ಗಾಲಿಗೆ ಲಿಂಬೆಹಣ್ಣು ಇಟ್ಟರು. ಒಂದೇ ಬುಟ್ಟಿಯನ್ನು ನಾಲ್ಕಾರು ಸಲ ಹತ್ತಿಸಿ ಇಳಿಸಿದರು, ಫೋಟೋ ತೆಗೆಯುವವನ ಕೈ ನಡುಗಿತ್ತಂತೆ. ನಮ್ಮ ಹುಡುಗಿಯನ್ನು ಮುಂದೆ ನಿಲ್ಲಿಸಿ, ಕೈಗೆ ಬಾವುಟ ಕೊಟ್ಟು, ಅಧ್ಯಕ್ಷ ಅವಳ ತಲೆಯ ಮೇಲೆ ಕೈಯಿಟ್ಟ. ಹುಡುಗಿ ಅವನನ್ನು ನೋಡಲಿಲ್ಲ. ಬುಟ್ಟಿಯನ್ನೇ ನೋಡುತ್ತ, "ಅಂಕಲ್, ಮೀಸಿದು ಮ್ಯಾಲ ಐತ್ರಿ. ಕೆಳಗ ಹಾಕಿದ್ರ ಮುರಿತೈತ್ರಿ" ಎಂದಳು.

"ಮುರಿಯಾಕ ಬಿಡ್ತೇವೇನವಾ!" ಎಂದ ಅವನು.

ಆಗ ನಾನು ಬಾಯಿ ತೆಗೆಯಬೇಕಿತ್ತು. ತೆಗೆದೆ, ಆಕಳಿಸಿದೆ, ಮುಚ್ಚಿಕೊಂಡೆ.

ಅದೇ ಸಂಜೆ ಕಾಳಗ ನಿಂತಿತು ಎಂದು ಸುದ್ದಿ ಬಂತು. ಕಾಕಾನಿಗೆ ಯಾರೋ ಮುಂದಿಟ್ಟ ಎಡೆ ಎಳೆದುಕೊಂಡಂತಾಯಿತು. "ಇನ್ನೊಂದ ವಾರ ಬಿಟ್ಟಿದ್ರ ನೋಡ್ರಿ..." ಎಂದು ಕಟ್ಟೆಯ ಮೇಲೆ ಹಲ್ಲು ಕಡಿದ.

"ಯಾರನ್ನ ಬಿಟ್ಟಿದ್ರ್ರಿ? ನಿಮ್ಮನ್ನೇನು?" ಎಂದಳು ಅವ್ವ, ಕಸ ಗುಡಿಸುತ್ತ. ಕಾಕಾ ಟಿವಿಯ ಸಪ್ಪಳ ಹೆಚ್ಚು ಮಾಡಿದ.

ಆದರೆ ಅವ್ವನ ಸೈನಿಕ ಅಳಿಯನ ಫೋನ್ ಬರಲಿಲ್ಲ. ನಿಂತದ್ದು ಟಿವಿಯ ಯುದ್ಧ. ನಮ್ಮದು ನಡೆದೇ ಇತ್ತು. ಸೋಮವಾರ ಆಫೀಸಿಗೆ ಹೋದರೂ ನನಗೆ ಕೂರಲಾಗಲಿಲ್ಲ. ತಲೆನೋವೆಂದು ಅರ್ಧ ದಿನ ರಜೆ ಹಾಕಿ ಮೂಡಲಗಿಗೆ ಹೊರಟೆ. ಘಟಪ್ರಭಾದಲ್ಲಿ ಬಸ್ ಬದಲಿಸಬೇಕು. ಇಳಿದು ರಸ್ತೆ ದಾಟುವಾಗ ಒಂದು ಬೇವಿನ ಮರದ ಕೆಳಗೆ ಟೆಂಪೋ ಕಂಡಿತು. ಫ್ಲೆಕ್ಸಿನ ಮೇಲೆ 'ವಿಜಯೋತ್ಸವ' ಎಂದು ಹೊಸ ಚೀಟಿ ಅಂಟಿಸಿದ್ದರು. ಬಾಜೂ ಹಾಲ್‌ನಲ್ಲಿ ಪಂಕ್ತಿ ಕುಳಿತಿತ್ತು.

"ಓಹೋ ಅಕ್ಕಾರ! ಬರ್ರಿ ಬರ್ರಿ, ಸರಿಯಾದ ಹೊತ್ತಿಗೆ ಬಂದ್ರಿ" ಎಂದು ಅಧ್ಯಕ್ಷ ಬಾಗಿಲಿಗೇ ಬಂದ. ಕೈಯಲ್ಲಿ ಬದನೆಕಾಯಿ ಎಣ್ಣೆಗಾಯಿ ಬಡಿಸುವ ಸೌಟು.

"ರೊಟ್ಟಿ?" ಎಂದೆ.

"ಅದನ್ನ ಏನ್ ಕೇಳ್ತೀರಿ. ಟ್ರೇನಿಗೆ ಹಾಕೂಣಂತ ಸ್ಟೇಶನ್‌ಗೆ ಹೋದ್ರ ಯಾ ಊರಿಗೆ ಅಂದ್ರು. ಬಾರ್ಡರಿಗೆ ಅಂದ್ವಿ. ಬಾರ್ಡರ್ ಅನ್ನೂ ಸ್ಟೇಶನ್ ಇಲ್ಲ ಅಂದ್ರು. ಹಂಗ ಮಾತಾಡೂದ್ರಾಗ ಯುದ್ಧನ ಮುಗೀತ್ರಿ. ಮತ್ತೇನ್ ಮಾಡೂದು? ಅನ್ನ ಕೆಡಿಸಬಾರದಲ್ರಿ. ಕುಂಡ್ರ್ರಿ."

ಅವನನ್ನು ನಾಲ್ಕು ಜನರ ಮುಂದೆ ಝಾಡಿಸಬೇಕೆಂದು ಬಾಯಿ ತುಂಬ ಮಾತು ತುಂಬಿಕೊಂಡೆ. ಅಷ್ಟರಲ್ಲಿ ಬಡಿಸುವವನ ಬುಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ, ಮುರಿಯದೆ, ಆ ಮೀಸೆ ಕಂಡಿತು. ಮಾತು ಕೊಟ್ಟಂತೆ ಮುರಿಯದೆ ತಂದಿದ್ದರು, ಅದೊಂದನ್ನು ಒಪ್ಪಬೇಕು. ಬಡಿಸುವವ ಅದನ್ನು ಟವೆಲ್ ಹೊದ್ದ ಒಬ್ಬ ಹಿರಿಯರ ಎಲೆಗೆ ಹಾಕಲು ಎತ್ತಿದ. ನಾನು ಓಡಿಹೋಗಿ ಕಸಿದುಕೊಂಡೆ. ಪಂಕ್ತಿಯೆಲ್ಲ ನನ್ನತ್ತ ತಿರುಗಿತು. "ಅಕ್ಕಾರಿಗೆ ಭಾಳ ಹಸಿದಂಗ ಕಾಣತೈತಿ" ಎಂದರು ಆ ಹಿರಿಯರು.

ಕಸಿದುಕೊಂಡದ್ದನ್ನು ಏನು ಮಾಡುವುದು? ಮೂಡಲಗಿಗೆ ಒಯ್ದರೆ ಹುಡುಗಿ ನೋಡುತ್ತಾಳೆ. ಬಿಟ್ಟರೆ ಆ ಟವೆಲ್ಲಿನವರ ಹೊಟ್ಟೆಗೆ ಹೋಗುತ್ತದೆ. ಅಷ್ಟು ಜನರ ಕಣ್ಣೆದುರು, ಮೂಲೆಯಲ್ಲಿ ಕುಳಿತು ತಿಂದೆ. ಬಸ್ಸು ಇನ್ನೂ ಬಂದಿರಲಿಲ್ಲವಾದ್ದರಿಂದ ಇನ್ನೊಂದನ್ನೂ ತಿಂದೆ, ಎಣ್ಣೆಗಾಯಿ ಹಾಕಿಸಿಕೊಂಡು. ಆ ಊರಿನಲ್ಲಿ ಅವತ್ತು ನಾನು ತುಚ್ಛವಾಗಿ ಕಂಡ ಜನರಲ್ಲಿ ನನ್ನಷ್ಟು ಹೊಟ್ಟೆ ತುಂಬ ಉಂಡವರು ಬೇರೆ ಇರಲಿಲ್ಲ.

ಮೂಡಲಗಿ ತಲುಪಿದಾಗ ಹಗಲು ಇನ್ನೂ ಇತ್ತು. ನಾನು ಕಾಲು ತೊಳೆಯುವಾಗಲೇ ಅವ್ವನ ಫೋನ್ ಹೊಡೆಯಿತು. ಅಳಿಯ! ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರಿಗೂ ಕೇಳುವಂತೆ ಮಾಡಿದಳು. ಕಾಕಾ ಚಪ್ಪಲಿ ಹಾಕಿಕೊಳ್ಳದೆ ಓಡಿಬಂದು, "ಅಳಿಯಾರ, ಎಷ್ಟ ಮಂದಿನ್ನ ಹೊಡದ್ರಿ?" ಎಂದ. "ನಾ ಆರಾಮ ಅದೇನ್ರಿ ಅತ್ತಿ" ಎಂದು ಮಾತ್ರ ಕೇಳಿಸಿತು. ದನಿ ಬಾವಿಯೊಳಗಿಂದ ಬಂದಂತಿತ್ತು.

ಹುಡುಗಿ ಫೋನ್ ಕಸಿದುಕೊಂಡಳು. "ಪಪ್ಪಾ! ರೊಟ್ಟಿ ಬಂದ್ವೇನು?"

"ಯಾ ರೊಟ್ಟಿ?"

ಅವ್ವ ಫೋನಿಗೆ ಬಾಯಿ ಹಚ್ಚಿ ಕೂಗಿದಳು: "ಬಂದಾವ ಅನ್ರಿ! ಅಳಿಯಾರ, ಬಂದಾವ ಅನ್ರಿ!"

ಅಳಿಯ ನಿಧಾನವಾಗಿ ಹೇಳಿದ: "ಇಲ್ಲವಾ. ಇಲ್ಲಿಗೆ ಯಾ ರೊಟ್ಟೀನೂ ಬಂದಿಲ್ಲ. ನಾ ಮತ್ತ ಫೋನ್ ಮಾಡ್ತೇನಿ, ನೀ ಉಣ್ಣು." ಫೋನ್ ಕಡಿಯಿತು.

ಹುಡುಗಿ ಅಳಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಎಲ್ಲಿ ಹೋದುವು?"

"ಹಾದ್ಯಾಗ ಇರ್ತಾವ ಬಿಡವಾ, ದೂರದ ಹಾದಿ" ಎಂದ ಕಾಕಾ.

"ಟ್ರೇನ್ ಲೇಟ್ ಆಗಿರ್ತೈತಿ" ಎಂದಳು ಅವ್ವ.

ಇಬ್ಬರೂ ಎಷ್ಟು ಸಲೀಸಾಗಿ ಹೇಳಿದರೆಂದರೆ, ನನಗೂ ಒಂದು ಗಳಿಗೆ ಟ್ರೇನು ಕಣ್ಣಿಗೆ ಕಟ್ಟಿತು. ನಾನೂ ಆ ಟ್ರೇನಿಗೆ ಒಂದು ಡಬ್ಬಿ ಜೋಡಿಸಿದರೆ ಮುಗಿಯುತ್ತಿತ್ತು. ಆದರೆ ಅಲ್ಲಿ ದಣಿದು ನಿಂತವನೊಬ್ಬ, ಬಾಯಿಗೆ ಹಾಕಿಕೊಟ್ಟ ಸುಳ್ಳನ್ನೂ ನುಂಗದೆ ಉಗಿದಿದ್ದ. ನನ್ನ ಹೊಟ್ಟೆಯಲ್ಲಿ ಎಣ್ಣೆಗಾಯಿ ಇನ್ನೂ ಕರಗಿರಲಿಲ್ಲ.

"ನಾ ತಿಂದೆ" ಎಂದೆ.

"ಎಲ್ಲಾ?"

"ಎಲ್ಲಾ ಅಲ್ಲ. ಘಟಪ್ರಭಾದಾಗ ಮಂದಿ ಪಂಕ್ತಿ ಕುಂತು ತಿಂದ್ರು. ನಾನೂ ತಿಂದೆ. ಮೀಸಿದು ನಾನ ತಿಂದೆ."

ಹುಡುಗಿ ನನ್ನ ಬಾಯಿಯನ್ನೇ ನೋಡಿದಳು. "ಛೊಲೋ ಇತ್ತೇನು?"

"ಛೊಲೋ ಇತ್ತು. ಒಂದ ಕಡೆ ದಪ್ಪ ಆಗಿತ್ತು."

"ಅಲ್ಲಿ ನನ್ನ ಕೈ ಸುಟ್ಟಿತ್ತು" ಎಂದಳು. ಆಮೇಲೆ ಕೇಳಿದಳು: "ಗೋಡೌನ್?"

ಅವ್ವ ಕಣ್ಣು ಕೆಕ್ಕರಿಸಿದಳು. ನಾನು ಅವಳ ಕಡೆ ಬೆನ್ನು ಮಾಡಿ ಕುಳಿತೆ. "ಗೋಡೌನ್ ಇಲ್ಲ. ನಿಮ್ಮಪ್ಪ ಗಡಿಯೊಳಗ ಬಂದೂಕು ಹಿಡದು ನಿಂತಾನ. ಇಷ್ಟ ದಿನಾ ಹೆಂಗದಾನ ಅಂತ ನಮಗ ಯಾರಿಗೂ ಗೊತ್ತಿರಲಿಲ್ಲ. ಈಗ ಆರಾಮ ಅದಾನ, ನೀನ ಕೇಳಿದಿ. ಜಗಳಾ ನಿಂತೈತಿ. ಮತ್ತ ಹತ್ತತೈತೋ ಏನೋ, ನನಗ ಗೊತ್ತಿಲ್ಲ. ಆ ಕಡೆ ಊರಾಗೂ ಸಾಲಿ ಅದಾವ. ಇದ್ದುವು ಅಲ್ಲ, ಅದಾವ. ನನಗ ಭಾಳ ಅಂಜಿಕಿ ಬಂದಿತ್ತು, ಅದಕ್ಕ ರೊಟ್ಟಿ ಅಂದೆ."

ಕಾಕಾ ಹೊರಗೆ ಹೋದ.

"ನನಗ ಗೊತ್ತಿತ್ತು" ಎಂದಳು ಹುಡುಗಿ. "ಕಂಬಳಿ ಎಣಸಾಕ ಅಷ್ಟ ದಿನಾ ಬೇಕೇನು?" ಆಮೇಲೆ ನನ್ನನ್ನೇ ನೋಡಿ, "ಬಾಗೇವಾಡ್ಯಾಗ ನಮ್ಮವ್ವಗ ಗೊತ್ತೈತೇನು ಇದೆಲ್ಲಾ?"

"ಗೊತ್ತೈತಿ."

"ಆಕಿ ಜೋಡಿ ಯಾರದಾರ?"

ಇಡೀ ಓಣಿ ಸೇರಿ, ಹೆಸರಿಲ್ಲದ ಸ್ಟೇಶನ್‌ಗೆ ಟೆಂಪೋ ಕಳಿಸಿದ್ದೆವು. ಬಾಗೇವಾಡಿಗೆ ಯಾರೂ ಹೋಗಿರಲಿಲ್ಲ.

"ನನ್ನ ಅಲ್ಲೆ ಬಿಡು" ಎಂದಳು. ಅವ್ವ ಬೇಡವೆಂದಳು, ರಜೆ ಇನ್ನೂ ಇದೆಯೆಂದಳು, ಮಾವಿನಹಣ್ಣು ತರಿಸುತ್ತೇನೆ ಎಂದಳು. ಹುಡುಗಿ ಅಷ್ಟೊತ್ತಿಗೆ ತನ್ನ ಬಟ್ಟೆಯ ಚೀಲ ಎಳೆದುಕೊಂಡು ಕುಳಿತಿದ್ದಳು.

ಮರುದಿನ ಮುಂಜಾನೆ, ಕಾಳಗ ಶುರುವಾದ ಮೇಲೆ ಮೊದಲ ಸಲ, ನಾನು ಹುಡುಗಿಯೊಂದಿಗೆ ಬಾಗೇವಾಡಿಯಲ್ಲಿ ಇಳಿದೆ. ತಂಗಿ ಬಾಗಿಲು ತೆರೆದಳು. ಕೈಯಲ್ಲಿ ಅತ್ತೆಯ ಗಂಜಿಯ ಬಟ್ಟಲು, ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪು.

"ಯಾಕ ಕರ್ಕೊಂಡ ಬಂದಿ ಈಕಿನ್ನ?" ಎಂದು ನನ್ನ ಮೇಲೆ ಹರಿಹಾಯ್ದಳು.

"ನನಗ ಎಲ್ಲಾ ಗೊತ್ತೈತಿ. ದೊಡ್ಡವ್ವ ಹೇಳ್ಯಾಳ" ಎಂದಳು ಹುಡುಗಿ.

ತಂಗಿ ನನ್ನನ್ನು ನೋಡಿದ ನೋಟಕ್ಕೆ ನಾನು ಅರ್ಹಳೇ ಆಗಿದ್ದೆ. "ಗೊತ್ತಾದ್ರ ನೀ ಊಟಾ ಬಿಡ್ತಿ ಅಂತ ನಾ..." ಎಂದು ಮಗಳಿಗೆ ಹೇಳಹೋಗಿ ನಿಲ್ಲಿಸಿದಳು.

"ಗೊತ್ತಿಲ್ಲದಾಗ ಬಿಟ್ಟಿದ್ದೆ" ಎಂದಳು ಹುಡುಗಿ. "ನೀ ಉಂಡಿಯೇನು?"

ತಂಗಿ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಹುಡುಗಿ ಬಟ್ಟಲು ಇಸಿದುಕೊಂಡು, ಬಿಸಿಯಿದೆಯೇ ಎಂದು ಬೆರಳಿಟ್ಟು ನೋಡಿ, ಒಳಗೆ ಮುದುಕಿಯ ಹಾಸಿಗೆಯ ಬಳಿ ಹೋದಳು. ನಾನು ನನಗೇನು ಕೆಲಸವೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ.

"ದೊಡ್ಡವ್ವಾ, ನೀ ಹೋಗ. ನಿನ್ನ ಬಸ್ ಹೋಗ್ತೈತಿ" ಎಂದು ಒಳಗಿನಿಂದ ಕೂಗಿದಳು.

"ಕುಂಡ್ರಾಕ ಹೇಳ ಆಕಿಗೆ" ಎಂದಳು ತಂಗಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಚಾ ಕುಡದರೆ ಹೋಗ್ಲಿ."

"ಬ್ಯಾಡ. ಕುಂತ್ರ ಮತ್ತ ಏನರೆ ಮಾಡೂಣು ಅಂತಾಳ."

ನಾನು ಚಪ್ಪಲಿ ಮೆಟ್ಟಿದೆ.